ಸರ್ವರ್‌ಗೆ ಮೂಗುದಾರ ಹಾಕಿದ ಟೋಕನ್ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಎರಡೆರಡು ಸ್ವೆಟರ್ ತೊಟ್ಟ ಮಹಿಳೆಯೊಬ್ಬರು ಪೆನ್ಸಿಲ್ ಕಚ್ಚಿಕೊಂಡು ಪರದೆ ದಿಟ್ಟಿಸುತ್ತಿದ್ದಾರೆ. ಎಂಟಕ್ಕೆ ಮೇಲೆ ನೋಂದಣಿ ಶುರು. ದಿನಕ್ಕೆ ಸಾವಿರದ ಆರುನೂರು ರೋಗಿಗಳು. ಅಷ್ಟೂ ಜನರ ಚೀಟಿ ಹೊರಡಬೇಕಾದರೆ ಇಲ್ಲಿನ ಜಾವಾ ಸರ್ವರ್ ಸರಿಯಾಗಿ ಓಡಬೇಕು.

ಎಲ್ಲರೂ ಇವರನ್ನು ಕರೆಯುವುದು ಟೋಕನ್ ಅಕ್ಕ ಎಂದೇ. ಹದಿನಾಲ್ಕು ವರ್ಷ ಕೌಂಟರಿನಲ್ಲಿ ಟೋಕನ್ ಕೊಟ್ಟವರು. ಮಂಡಿನೋವು ಹೆಚ್ಚಾದಾಗ, ಬ್ಯಾಕಪ್ ನೋಡಿಕೊಂಡು ಸುಮ್ಮನೆ ಕೂತಿರಿ ಎಂದು ಕೆಳಗೆ ಕಳಿಸಿದರು. ಸುಮ್ಮನೆ ಕೂರುವ ಜಾಯಮಾನವೇ ಇವರದು? ಮಗಳ ಹಳೆಯ ಕಾಲೇಜು ಪುಸ್ತಕ ಹಿಡಿದು, ಪುಟಕ್ಕೊಂದು ವಾರ ಹೆಣಗಿ, ಸರ್ವರ್ ಯಾಕೆ ನಿಧಾನವಾಗುತ್ತದೆಂದು ಕಲಿತರು.

"ಅಮ್ಮಾ, ಇದು ನಿನ್ನ ಕೈಲಾಗಲ್ಲ" ಅಂದಳಂತೆ ಮಗಳು.

"ನಿನ್ನನ್ನೇ ಸಾಕಿದೀನಿ, ಇದ್ಯಾವ ಮಹಾ!" ಅಂದರಂತೆ ಇವರು.

ಕಳೆದ ವರ್ಷ ದಿನವೂ ಎಂಟೂಕಾಲಕ್ಕೆ ಸರ್ವರ್ ಮುಗ್ಗರಿಸುತ್ತಿತ್ತು. ಒಂದು ಚೀಟಿಗೆ ನಲವತ್ತು ಸೆಕೆಂಡು! ಒಂದೇ ಸಲಕ್ಕೆ ಇನ್ನೂರು ಕೆಲಸ ಎತ್ತಿಕೊಳ್ಳುತ್ತಿದ್ದ ಸರ್ವರ್ ಅನ್ನು ಹೊರಗಿನ ತಜ್ಞರು ನಾನೂರಕ್ಕೆ ಏರಿಸಿದರು. ಅದು ಇನ್ನಷ್ಟು ಕುಂಟಿತು. ಹಾಗಾದರೆ ಹೊಸ ಯಂತ್ರವೇ ಬೇಕು ಎಂದರು. ನಲವತ್ತಕ್ಕೆ ಇಳಿಸಿ ನೋಡೋಣ ಎಂದರು ಟೋಕನ್ ಅಕ್ಕ. ಸಭೆಗೆ ಸಭೆಯೇ ನಕ್ಕಿತು.

"ನಗ್ಲಿ ಬಿಡಿ. ಹೊರಗೆ ಹತ್ತು ಕಿಟಕಿ ತೆಗೆದ್ರೂ ಒಳಗೆ ಕಡತ ಹುಡುಕಿ ಕೊಡೋನು ಒಬ್ಬನೇ. ಹತ್ತೂ ಜನ ಅವನ ಮೇಲೇ ಬಿದ್ರೆ ಅವನಾದ್ರೂ ಏನ್ ಮಾಡ್ತಾನೆ? ರೋಗಿಗಳ ವಿವರ ಇಟ್ಕೊಂಡಿರೋ ಡೇಟಾಬೇಸೂ ಅಷ್ಟೇ. ಅವರು ಪುಸ್ತಕದಲ್ಲಿ ಓದಿದಾರೆ, ನಾನು ಕಣ್ಣಾರೆ ನೋಡಿದೀನಿ."

ಅತಿಯಾಸೆಗೆ ಬಿದ್ದು ಹತ್ತಕ್ಕೆ ಇಳಿಸಿ, ಪ್ರಯೋಗಕ್ಕೆಂದು ಬೇರೆ ಇಟ್ಟಿದ್ದ ಯಂತ್ರವನ್ನು ಒಮ್ಮೆ ಮಲಗಿಸಿದ್ದನ್ನೂ ಅವರು ಮುಚ್ಚಿಡುವುದಿಲ್ಲ. ನಲವತ್ತಕ್ಕೆ ಇಳಿಸಿ ನೋಡಲು ಮೇಲಧಿಕಾರಿ ಒಂದೇ ಒಂದು ಬೆಳಗು ಕೊಟ್ಟರು. ಎಡವಟ್ಟಾದರೆ ಮತ್ತೆ ಸರ್ವರ್ ಮುಟ್ಟಕೂಡದು, ಕೋಣೆಯ ಕೀಲಿ ಒಪ್ಪಿಸಿಬಿಡಬೇಕು ಎಂದರು. ಆ ಬೆಳಿಗ್ಗೆ ಅಕ್ಕ ಕೋಣೆ ತೆರೆದವರೇ ಕೀಲಿಯನ್ನು ಆಗಲೇ ಅವರ ಕೈಗಿಟ್ಟರು.

ಎಂಟೂಕಾಲು ಬಂತು, ಹೋಯಿತು. ಚೀಟಿಗೆ ಎರಡೇ ಸೆಕೆಂಡು!

ಆಸ್ಪತ್ರೆಯ ವರದಿಯಲ್ಲಿ ಬಂದದ್ದು ಮಾತ್ರ ತಜ್ಞರ ಹೆಸರು. ಹಾಜರಿ ಪುಸ್ತಕದಲ್ಲಿ ಅಕ್ಕ ಇವತ್ತಿಗೂ ಟೋಕನ್ ಸಹಾಯಕಿ. ಅನ್ಯಾಯವಲ್ಲವೇ? ಹಾಗೆ ಕೇಳಿದರೆ ಅಕ್ಕ ಸೊಂಟಕ್ಕೆ ಸಿಕ್ಕಿಸಿದ ಕೀಲಿಯನ್ನು ತಟ್ಟಿ ತೋರಿಸುತ್ತಾರೆ.

"ಇದನ್ನ ವಾಪಸ್ ಕೇಳೋಕೆ ನಾನು ಮೆಟ್ಟಿಲು ಹತ್ತಲಿಲ್ಲ. ಮಂಡಿ ನೋವು ನೋಡಿ. ಸಾಹೇಬರೇ ಇಳಿದು ಬಂದು ಕೊಟ್ರು."