ಕೈ ಸುಮ್ಮನಿರದ ಪುತಳಾಬಾಯಿ

ಕಮಲಾಪುರದ ಪುತಳಾಬಾಯಿಗೆ ಮೊಮ್ಮಗಳು ಸಪ್ನಾಳ ಕೈಯಲ್ಲಿ ಏನಾದರೂ ಕಂಡರೆ ತಡೆಯಲಾಗದು. ಶಾಲೆಯ ಚೀಲ, ನೀರಿನ ಬಾಟಲಿ, ಕೊಡೆ ಎಲ್ಲವೂ ಆಕೆಯ ಹೆಗಲಿಗೇ ಬರಬೇಕು, ಸಾಧ್ಯವಿದ್ದರೆ ಹುಡುಗಿಯ ನೆರಳನ್ನೂ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಾಳು. ಸಪ್ನಾಳಿಗೆ ಟರ್ನರ್ ಸಿಂಡ್ರೋಮ್; ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಇಲ್ಲದ್ದರಿಂದ ಎಂಟನೇ ತರಗತಿಗೆ ಬಂದರೂ ಕುಳ್ಳಗಿದ್ದಾಳೆ, ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲುಗಳು ಸೋಲುತ್ತವೆ. ಕಲಬುರಗಿಯ ವೈದ್ಯರು ಹೃದಯ ಪರೀಕ್ಷಿಸಿ, ವ್ಯಾಯಾಮದಿಂದ ಸ್ನಾಯುಗಳಿಗೆ ಬಲ ಬರುತ್ತದೆ ಎಂದಿದ್ದಾರೆ. ಪುತಳಾಬಾಯಿ ವಾರ ತಪ್ಪದೆ ವ್ಯಾಯಾಮಕ್ಕೆ ಕರೆದೊಯ್ಯುತ್ತಾಳೆ ನಿಜ, ಆದರೆ ಹುಡುಗಿ ಜಿಗಿಯಬೇಕಾದಾಗ ಹಿಂದಿನಿಂದ ಬಗಲಿಗೆ ಕೈಕೊಟ್ಟು ತಾನೇ ಎತ್ತಿಬಿಡುತ್ತಾಳೆ. "ಜಿಗ್ಯಾಕತ್ತೋರು ಯಾರ್ರೀ ಆಯಿ, ಅಕಿಯೋ ನೀವೋ?" ಎಂದು ವ್ಯಾಯಾಮ ಕಲಿಸುವ ಅಂಜನಾ ಗದರುತ್ತಾಳೆ. "ಕೂಸು ದಣಿತದವಾ!" "ದಣೀಲಿ ಅಂತನ ಕರಸೀನ್ರೀ. ನೀವು ಹಿಂಗ ಎತ್ಕೋತ ಕುಂತ್ರ ನೀವು ಪೈಲವಾನ್ ಆಗ್ತೀರಿ, ಅಕಿ ಕಾಲು ಹಂಗ ಉಳೀತಾವ." ಈ ಮಾತು ಮಾತ್ರ ಪುತಳಾಬಾಯಿಗೆ ನಾಟಿತು. ಈಗ ಸಂತೆಯ ದಿನ ಆಟೋದಿಂದ ಅಜ್ಜಿಯ ಹಣ್ಣಿನಂಗಡಿಯ ತನಕ ಕೆಂಪು ಬಾಳೆಹಣ್ಣಿನ ಸಣ್ಣ ಬುಟ್ಟಿಗಳನ್ನು ಸಪ್ನಾಳೇ ತರುತ್ತಾಳೆ. "ಕೂಸಿನ ಕೈಲೆ ದುಡಸಾಕತ್ತೀ, ಖಬರ್ ಅದ ಏನ ನಿನಗ?" ಎಂದು ಪಕ್ಕದಲ್ಲಿ ಕಾಯಿಪಲ್ಲೆ ಮಾರುವ ಲಲಿತಾಬಾಯಿ ಚುಚ್ಚುತ್ತಾಳೆ. "ಅದು ಅಕಿ ಕಸರತ್ತು, ನೀ ನಿನ್ನ ಬದನಿಕಾಯಿ ಮಾರು," ಎನ್ನುತ್ತಾಳೆ ಪುತಳಾಬಾಯಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಅವುಗಳ ಮೇಲೆಯೇ ಕುಳಿತುಕೊಂಡು. ಮೊಮ್ಮಗಳು ಏದುಸಿರು ಬಿಡುತ್ತ ಬುಟ್ಟಿ ಇಳಿಸಿ, "ಆಯಿ, ಇನ್ನೊಂದು ತರ್ತೀನಿ," ಎಂದು ತಿರುಗಿ ಓಡುವವರೆಗೂ ಆ ಕೈಗಳು ಹೊರಗೆ ಬರುವುದಿಲ್ಲ.