ಹಂಪೇಶನ ಪಾಸು, ಹುಲುಗೇಶನ ಕಾಲು

ಪಾಪಿನಾಯಕನಹಳ್ಳಿಯ ಹುಲುಗೇಶ್ ನಕ್ಕರೆ ಮೂರು ಓಣಿಗೆ ಕೇಳಿಸುತ್ತದೆ. ಅವನ ಎಡಗಾಲು ಮೊಣಕಾಲಿನ ಕೆಳಗೆ ಕೃತಕವಾದದ್ದು. ಹೊಸಪೇಟೆಯ ಚಪ್ಪಲಿ ಅಂಗಡಿಯಲ್ಲಿ ಒಂದೇ ಕಾಲಿನ ದರ ಹೇಳಿರೆಂದು ಅರ್ಧ ತಾಸು ಚೌಕಾಸಿ ಮಾಡಿ, ಅಂಗಡಿಯವನನ್ನೂ ನಗಿಸಿ, ಕೊನೆಗೆ ಜೋಡಿಯನ್ನೇ ಕೊಂಡು ಬರುವ ಜೀವ ಅದು. ಇಂಥವನು ಒಂದು ವರ್ಷವಿಡೀ ನಗುವನ್ನೇ ಮರೆತಿದ್ದನೆಂದರೆ ಯಾರೂ ನಂಬಲಾರರು. ಕಾಲು ಹೋದ ದುಃಖವೇನೋ ಇತ್ತು. ಆದರೆ ಅವನನ್ನು ಕುಗ್ಗಿಸಿದ್ದು ನಾಲಿಗೆಯ ಮೇಲೆ ಹೊತ್ತುಕೊಂಡ ಒಂದು ಸುಳ್ಳು.

ತೋರಣಗಲ್ಲಿನ ಗುತ್ತಿಗೆ ಕೆಲಸದಲ್ಲಿ ಕ್ರೇನಿಗೆ ಸರಕು ಕಟ್ಟುವುದನ್ನು ಕಲಿತವನು ಹುಲುಗೇಶ್. ಅವನ ಚಿಕ್ಕಪ್ಪನ ಮಗ ಹಂಪೇಶ್ ಅದೇ ಕಸುಬು ಹಿಡಿದು ಗೋದಾವರಿ ಸೀಮೆಯ ಎಣ್ಣೆಬಾವಿಗೆ ಹೋಗುತ್ತಿದ್ದನು. ಒಂದು ತಿಂಗಳು ಅಲ್ಲಿ ದುಡಿಮೆ, ಒಂದು ತಿಂಗಳು ಊರಲ್ಲಿ ಬಿಡುವು. ಆ ಸಲ ಹಂಪೇಶ್ ಹೊರಡಬೇಕಾದ ಹೊತ್ತಿಗೇ ಅವನ ಹೆಂಡತಿ ಯಮನಮ್ಮನ ಕುಬುಸಕ್ಕೆ ದಿನ ಗೊತ್ತಾಯಿತು. ತುಂಬಿದ ಬಸುರಿಗೆ ಹಸಿರು ಕುಬುಸ ತೊಡಿಸಿ ಓಣಿಗೆಲ್ಲ ಉಣಬಡಿಸುವ ಆ ಕಾರ್ಯ, ಗಂಡನಿಲ್ಲದೆ ನಡೆಯುವುದುಂಟೇ? ಹೋಗದಿದ್ದರೋ, ಎಣ್ಣೆಬಾವಿಯ ಜಾಗ ಬೇರೆಯವರ ಪಾಲಾಗುತ್ತದೆ.

ಕಾರ್ಖಾನೆ ಸೀಮೆಯಲ್ಲಿ ಇದಕ್ಕೊಂದು ರೂಢಿ ಬೆಳೆದುಬಿಟ್ಟಿದೆ. ಒಬ್ಬನಿಗೆ ಅಡಚಣೆಯಾದರೆ ಅವನ ಗೇಟ್ ಪಾಸಿನ ಮೇಲೆ ಅಣ್ಣನೋ ತಮ್ಮನೋ ಹೋಗಿ ಜಾಗ ಕಾಯುತ್ತಾನೆ. ಮುಖಚಹರೆ ಹೋಲಿದರೆ ಸಾಕು. ಒಳಗೊಳಗೇ ಬಲ್ಲ ಗುತ್ತಿಗೆದಾರನೂ ಸುಮ್ಮನಿರುತ್ತಾನೆ. ಪ್ರೀತಿಯಿಂದ ಮಾಡಿದರೂ ತಪ್ಪು ತಪ್ಪೇ. ಹುಲುಗೇಶ್ ಹಂಪೇಶನಾಗಿ ಗೋದಾವರಿಗೆ ಹೋದನು.

ಊರಲ್ಲಿ ಯಮನಮ್ಮನಿಗೆ ಆರತಿ ಬೆಳಗುತ್ತಿದ್ದ ಮಧ್ಯಾಹ್ನವೇ, ಅಲ್ಲಿ ಕೊರೆಯುವ ಕೊಳವೆಗಳ ಕಟ್ಟನ್ನು ಇಳಿಸುವಾಗ ಸವೆದ ತಂತಿಹಗ್ಗ ಹರಿಯಿತು. ಆನೆಯ ಸೊಂಡಿಲಿನಂಥ ಕಬ್ಬಿಣದ ಕೊಳವೆಗಳು ಉರುಳಿಬಂದವು. ಹುಲುಗೇಶನ ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಗುತ್ತಿಗೆದಾರನ ಜೀಪೇ ಅವನನ್ನು ಆಸ್ಪತ್ರೆಗೆ ಒಯ್ದಿತು. ಅಲ್ಲಿಯೂ ಹಂಪೇಶನೆಂದೇ ಬರೆಸಿದರು. ಆಮೇಲೆ ಗುತ್ತಿಗೆದಾರನ ಕಡೆಯವನೊಬ್ಬ ಮಂಚದ ಬಳಿ ಕುಳಿತು ನಯವಾಗಿ ತಿಳಿಸಿದನು: ಹುಲುಗೇಶನೆಂಬುವನು ಅಲ್ಲಿಗೆ ಬಂದೇ ಇಲ್ಲ, ಬಾಯಿಬಿಟ್ಟರೆ ಅಣ್ಣತಮ್ಮಂದಿರಿಬ್ಬರೂ ಮೋಸದ ಕೇಸಿನಲ್ಲಿ ಜೈಲಿಗೆ. ಹಂಪೇಶನ ಹುಟ್ಟಲಿರುವ ಕೂಸನ್ನು ನೆನೆದು ಹುಲುಗೇಶ್ ಬಾಯಿ ಮುಚ್ಚಿದನು. ಕೆಲಸ ಹುಡುಕಿ ಹೋದ ಊರಲ್ಲಿ ಲಾರಿ ಹಾಯಿತೆಂದು ಮನೆಯಲ್ಲಿ ಹೇಳಿದನು. ನಿಜ ಬಲ್ಲವನು ಹಂಪೇಶ್ ಒಬ್ಬನೇ. ಅವನೂ ಭಯದಿಂದ ಮೂಕನಾದನು.

ಭಾನುವಾರ ಬೆಳಿಗ್ಗೆ ಓಣಿಯ ಬುದ್ಧವಿಹಾರದಲ್ಲಿ ಎಲ್ಲರೂ ಕೂಡಿ ಪಂಚಶೀಲ ಪಠಿಸುವುದು ವಾಡಿಕೆ. ಕೊಲ್ಲೆನು, ಕದಿಯೆನು, ವ್ಯಭಿಚಾರ ಮಾಡೆನು ಎಂಬಲ್ಲಿಯವರೆಗೆ ಹುಲುಗೇಶನ ದನಿ ಗಟ್ಟಿಯಾಗಿ ಕೇಳುತ್ತಿತ್ತು. ನಾಲ್ಕನೆಯದಾದ ಸುಳ್ಳಾಡೆನು ಎಂಬ ವ್ರತ ಬಂದೊಡನೆ ತುಟಿ ಮುಚ್ಚುತ್ತಿತ್ತು. ತಥಾಗತನ ಎದುರು ಕುಳಿತು ಸುಳ್ಳಾಡೆನೆಂಬ ಸುಳ್ಳನ್ನು ಹೇಗೆ ತಾನೇ ಆಡಿಯಾನು! ಬೇರೆಯವರಿಗೆ ತಿಳಿಯಲಿಲ್ಲ; ಹೆತ್ತ ಕಿವಿಗೆ ತಿಳಿಯಿತು. ಮನೆಗೆ ಬಂದು ರೊಟ್ಟಿ ಬಡಿಯುತ್ತ ತಾಯಿ ಕರೆಮ್ಮ ಕೇಳಿದಳು:

"ನಾಲ್ಕನೇದು ಬಂದ ಕೂಡ್ಲೆ ಬಾಯಿ ಮುಚ್ಚತಿ. ಲಾರಿ ಕಾಲಿನ ಮ್ಯಾಲೆ ಹಾಯ್ತೋ, ನಾಲಿಗಿ ಮ್ಯಾಲೆ ಹಾಯ್ತೋ?"

ಹುಲುಗೇಶ್ ತಾಯಿಯ ಮಡಿಲಲ್ಲಿ ಮುಖವಿಟ್ಟು ಎಲ್ಲವನ್ನೂ ಹೇಳಿದನು. ಒಲೆಯ ಮೇಲಿನ ರೊಟ್ಟಿ ಸೀದುಹೋಯಿತು. ಕರೆಮ್ಮ ಅದನ್ನು ಲೆಕ್ಕಿಸಲಿಲ್ಲ.

ಹೊಸಪೇಟೆಯಲ್ಲಿ ವಕೀಲಿಕೆ ಮಾಡುವ ಸಂಘಮಿತ್ರಾ ಅದೇ ವಿಹಾರಕ್ಕೆ ಬರುವ ಹುಡುಗಿ. ಮುಂದಿನ ಭಾನುವಾರ ಕರೆಮ್ಮ ಮಗನನ್ನು ಅವಳ ಮುಂದೆ ಕೂರಿಸಿದಳು. ಪೆಟ್ಟಾದ ಕಾರ್ಮಿಕನಿಗೆ ಕಾನೂನಿನ ನೆರವು ಪುಕ್ಕಟೆ ದೊರೆಯುತ್ತದೆಂದೂ, ಅವಘಡ ಎಲ್ಲಿಯೇ ನಡೆದಿರಲಿ, ತಾನು ವಾಸಿಸುವ ಕಡೆಯೇ ದಾವೆ ಹೂಡಬಹುದೆಂದೂ ಅವಳು ಬಿಡಿಸಿ ಹೇಳಿದಳು. ಆಮೇಲೆ ಒಂದು ಮಾತು ಸೇರಿಸಿದಳು.

"ಪಾಸು ಯಾರದೈತಿ ಅನ್ನೋದಕ್ಕಿಂತ ಕೆಲಸ ಮಾಡಿದವರು ಯಾರು ಅನ್ನೋದು ದೊಡ್ಡದಣ್ಣ. ತಪ್ಪು ಮುಚ್ಚಬ್ಯಾಡ್ರಿ. ಆದ್ರ ಹಂಪೇಶಣ್ಣ ಕಟಕಟಿ ಹತ್ತಿ ನಿಜ ಹೇಳ್ಬೇಕು. ಅವರು ಬರಲಿಲ್ಲ ಅಂದ್ರ ಕೇಸ್ ನಿಲ್ಲಂಗಿಲ್ಲ."

ಹುಲುಗೇಶನಿಗೆ ಹಂಪೇಶನನ್ನು ಹೀಗೆಂದು ಕೇಳಲು ಮನಸ್ಸಾಗಲಿಲ್ಲ. ಅವನ ಮನೆಗೆ ಹೋಗಿ ಕೇಳಿದ್ದು ಕರೆಮ್ಮ. ಹಂಪೇಶ್ ತಲೆ ತಗ್ಗಿಸಿದನು. ಆಗ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಯಮನಮ್ಮನೇ ಗಂಡನ ಕಡೆಗೆ ತಿರುಗಿದಳು.

"ಅಂವ ಹೋದದ್ದು ನನ್ನ ಕುಬುಸದ ಸಲುವಾಗಿ. ಆ ಹೊತ್ನಾಗ ನೀ ನನ್ನ ಮಗ್ಗಲ ಕುಂತಿದ್ದಿ ಅಂತ ಹೇಳಾಕ ನಿನಗೇನ್ ಧಾಡಿ? ಹೇಳಲಿಲ್ಲ ಅಂದ್ರ ನಾನ ಹೋಗಿ ಹೇಳ್ತೀನಿ, ಕೂಸು ನೀ ಹಿಡ್ಕೋ."

ವಿಚಾರಣೆಯ ದಿನ ಗುತ್ತಿಗೆದಾರನ ವಕೀಲರು ಠೀವಿಯಿಂದ ಎದ್ದರು. ಪೆಟ್ಟಾದದ್ದು ಹಂಪೇಶನಿಗೆ, ದಾವೆ ಹೂಡಿದವನು ಹುಲುಗೇಶ್, ಆದ್ದರಿಂದ ಇದೆಲ್ಲ ಕಟ್ಟುಕತೆ ಎಂಬುದು ಅವರ ವಾದ. ಅಷ್ಟರಲ್ಲಿ ಹಂಪೇಶ್ ಎರಡು ಗಟ್ಟಿಕಾಲುಗಳ ಮೇಲೆ ನಡೆದು ಕಟಕಟೆ ಹತ್ತಿದನು. ಆ ದಿನ ಎಲ್ಲಿದ್ದೆ ಎಂದು ಕೇಳಿದರು.

"ಮನಿಯಾಗ ಇದ್ದೆ ಸಾಹೇಬ್ರ, ಹೆಂಡ್ತಿ ಕುಬುಸದಾಗ. ಪಾಸು ನಂದು, ಕಾಲು ಇವಂದು. ತಪ್ಪು ನಂದ್ರಿ."

ಸಾಕ್ಷಿ ಯಾರೆಂದರೆ, ಅಂದು ಉಂಡ ಓಣಿಯೇ ಟೆಂಪೋ ಮಾಡಿಕೊಂಡು ಹೊರಗೆ ಬಂದು ನಿಂತಿತ್ತು. ಇಬ್ಬರು ಸಾಕೆಂದರು ನ್ಯಾಯಾಧೀಶರು. ಮೊದಲು ನುಗ್ಗಿದವಳು ನೆರೆಮನೆಯ ದುರ್ಗಕ್ಕ.

"ನಾನ ಎರಡು ಸಲ ಹೋಳಿಗಿ ಬಡಿಸೀನ್ರಿ ಇವಗ. ಎರಡೂ ಕಾಲು ಮಡಚಿ ಕುಂತಿದ್ದ. ಬ್ಯಾಡ ಬ್ಯಾಡ ಅನಕೊಂತ ಮೂರನೇದೂ ತಿಂದ."

ನ್ಯಾಯಾಧೀಶರು ನಗುವನ್ನು ತಡೆದುಕೊಂಡು ವಕೀಲರ ಕಡೆ ನೋಡಿದರು. ಹಂಪೇಶ್ ಇಲ್ಲಿ ಹೋಳಿಗೆ ತಿನ್ನುತ್ತಿದ್ದರೆ, ನಿಮ್ಮ ಕಕ್ಷಿದಾರರ ಜೀಪು ಅಲ್ಲಿ ಆಸ್ಪತ್ರೆಗೆ ಒಯ್ದದ್ದು ಯಾರನ್ನು ಎಂದು ಕೇಳಿದರು. ವಕೀಲರು ಕಾಗದಗಳನ್ನು ಮಗುಚಿ ಹಾಕಿ ಕುಳಿತರು. ಅಣ್ಣತಮ್ಮಂದಿರಿಗೂ ಚೆನ್ನಾಗಿ ಛೀಮಾರಿಯಾಯಿತು. ಇಬ್ಬರೂ ಕೈಮುಗಿದು ಕೇಳಿಸಿಕೊಂಡರು.

ತೀರ್ಪು ಬಂದದ್ದು ಪಕೀರಪ್ಪನ ಮಗ ಹುಲುಗೇಶನ ಹೆಸರಿಗೆ. ದುಡಿದವನು ಇವನೇ, ಪರಿಹಾರವನ್ನೂ ಕೃತಕ ಕಾಲನ್ನೂ ಗುತ್ತಿಗೆದಾರನೇ ಕೊಡತಕ್ಕದ್ದು ಎಂದು ಆಜ್ಞೆಯಾಯಿತು. ಸತ್ಯ ತಡವಾಗಿ ಹೊರಟರೂ ದಾರಿ ತಪ್ಪಲಿಲ್ಲ.

ಹೊರಗೆ ಬೇವಿನ ನೆರಳಲ್ಲಿ ಹಂಪೇಶ್ ಮುಖವೆತ್ತಲಾರದೆ ಅಳುತ್ತ ನಿಂತಿದ್ದನು. ಹುಲುಗೇಶ್ ಊರುಗೋಲನ್ನು ಕಂಕುಳಿಗೆ ಕೊಟ್ಟು, ಖಾಲಿ ಕೈಯಿಂದ ಅವನ ಹೆಗಲು ಹಿಡಿದನು.

"ತಗೋಲೇ ನಿನ್ನ ಹೆಸರು, ವಾಪಸ್. ಭಾಳ ಬಿಗಿ ಆಗಿತ್ತು ನನಗ."

ಅಂದು ಅವನು ನಕ್ಕ ನಗು ಕೋರ್ಟಿನ ಆವರಣಕ್ಕೆಲ್ಲ ಕೇಳಿಸಿತು. ಟೆಂಪೋದಲ್ಲಿ ಮಾತ್ರ, ಸಾಕ್ಷಿ ಹೇಳಲು ಅವಕಾಶ ಸಿಗದೆ ಉಳಿದವರು ಊರು ಮುಟ್ಟುವವರೆಗೂ ದುರ್ಗಕ್ಕನ ಮೇಲೆ ಮುನಿಸಿಕೊಂಡೇ ಇದ್ದರು.