ಅಜ್ಜಿಯ ಮಗಳಾದ ಕಾಂಚನಾ

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ, ಒಂದು ಕ್ಲಿನಿಕ್ಕಿಗೂ ದಿನಸಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಪುಟ್ಟ ಹೊಲಿಗೆಯಂಗಡಿಯಿದೆ. ಯಜಮಾನಿ ಉಡುಪಿ ಕಡೆಯ ಸ್ವರ್ಣಲತಾ. ಅಳತೆ ತೆಗೆಯುವುದೂ ಕತ್ತರಿಸುವುದೂ ಅವಳದು. ಲೇಸು ಕೂರಿಸುವುದು, ಮಣಿ ಪೋಣಿಸುವುದು ಕಾಂಚನಾಳದು. ಹೆಸರು ಕೇಳಿ ಇವಳೂ ನಮ್ಮೂರಿನವಳೇ ಎಂದುಕೊಂಡು ಇಣುಕಿದ ಗಿರಾಕಿಗಳಿಗೆ ಅಲ್ಲಿ ಕಾಣುವುದು ಥಾಯ್ಲೆಂಡಿನ ಹೆಣ್ಣುಮಗಳು. ಆ ನಾಡಿನಲ್ಲೂ ಕಾಂಚನಾ ಎಂದರೆ ಚಿನ್ನವೇ.

"ಅಂಗಡಿಯಲ್ಲಿ ಇರುವ ಚಿನ್ನ ನಾವಿಬ್ಬರೇ. ಕಳ್ಳರು ಬಂದ್ರೆ ನಮ್ಮನ್ನೇ ಹೊತ್ಕೊಂಡು ಹೋಗ್ಬೇಕಷ್ಟೆ" ಎಂದು ಸ್ವರ್ಣಲತಾ ನಗುತ್ತಾಳೆ.

ಕಾಂಚನಾಳ ಕನ್ನಡ ಹೊಲಿಗೆಯಂತ್ರದ ಪಕ್ಕದಲ್ಲೇ ಕಲಿತದ್ದು. ಅದರಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ. ಗಿರಾಕಿ ಬಂತು, ಪಾರ್ಸೆಲ್ಲೂ ಬಂತು. ಒಮ್ಮೆ ಫೋನೆತ್ತಿ "ಸ್ವರ್ಣಕ್ಕನ ಗಂಡ ಹೋಯ್ತು" ಎಂದುಬಿಟ್ಟಳು. ಕೇಳಿದವರು ಗಾಬರಿಯಿಂದ ಓಡಿ ಬಂದರೆ, ಆತ ಮೀನು ತರಲು ಹೋಗಿದ್ದನಷ್ಟೆ.

ಕಳೆದ ಸುಗ್ಗಿಯ ಹೊತ್ತಿಗೆ ಕಾಂಚನಾಳ ತಾಯಿ ತೀರಿಕೊಂಡಳು. ಅಲ್ಲಿಯವರು ಈಸಾನ್ ಎಂದು ಕರೆಯುವ ಈಶಾನ್ಯ ಸೀಮೆಯಲ್ಲಿ ಅವರ ಹಳ್ಳಿ; ತಾಯಿಯ ಹೆಸರಿನಲ್ಲಿ ಒಂದಿಷ್ಟು ಭತ್ತದ ಗದ್ದೆ. ಕಾಂಚನಾ ಹೋಗಿ ಕ್ರಿಯೆಗಳನ್ನು ಮುಗಿಸಿ ಮರಳಿದಳು. ಅದಾದ ಮೇಲೆ ಒಂದು ಮಧ್ಯಾಹ್ನ, ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ಬುತ್ತಿ ಬಿಚ್ಚಿದ್ದಾಗ, ತಮ್ಮ ವಿರೋತ್ ಊರಿನಿಂದ ಫೋನು ಮಾಡಿದ.

"ಚಿಕ್ಕಮ್ಮಾ, ಊಟ ಆಯಿತೇ?"

"ಯಾರೋ ನಿನಗೆ ಚಿಕ್ಕಮ್ಮ?"

"ನೀನೇ! ಭೂಮಿಯ ಕಚೇರಿಯವರು ಹೇಳಿದರು."

ಅವನು ನಗುತ್ತಲೇ ವಿವರಿಸಿದ. ಕಾಂಚನಾ ಮನೆಯಲ್ಲಿ ಹುಟ್ಟಿದವಳು. ಜನನ ಪತ್ರವನ್ನು ಯಾರೂ ಮಾಡಿಸಿರಲಿಲ್ಲ. ಮನೆಯ ನೋಂದಣಿಯಲ್ಲಿ ಅವಳ ತಾಯಿಯೆಂದು ಅಜ್ಜಿಯ ಹೆಸರಿತ್ತು. ಅದರ ಪ್ರಕಾರ ಅವಳು ಅಮ್ಮನ ಮಗಳಲ್ಲ, ತಂಗಿ. ಮಗ ಬದುಕಿರುವಾಗ ಸತ್ತವಳ ತಂಗಿಗೆ ಪಾಲಿಲ್ಲ.

"ಚಿಂತೆ ಬೇಡ. ಎಲ್ಲವೂ ನನ್ನ ಹೆಸರಿಗೆ ಆಗಲಿ, ಮರುದಿನವೇ ನಿನ್ನ ಪಾಲು ಬರೆದುಕೊಡುತ್ತೇನೆ" ಎಂದ ವಿರೋತ್. ಬರೆದುಕೊಡುವವನೇ ಅವನು; ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೂ ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟಳು.

"ಒಳ್ಳೆ ಹುಡುಗನಲ್ವಾ, ಒಪ್ಪಿಕೋ" ಎಂದಳು, ಕಾಂಚನಾಳ ಬಾಯಿಂದ ಎಲ್ಲ ಕೇಳಿ ತಿಳಿದ ಸ್ವರ್ಣಲತಾ.

ಕಾಂಚನಾ ಅನ್ನವನ್ನು ಬೆರಳಿನಲ್ಲಿ ಉಂಡೆ ಮಾಡುತ್ತ ಕುಳಿತಳು. "ಕೊಳದ ಹತ್ರ ಗದ್ದೆ ನಿಂಗೆ ಅಂತ ಅಮ್ಮ ಹೇಳ್ತು. ಈಗ ಕೊಡೋದು ತಮ್ಮ. ನಂಗೆ ಅಮ್ಮ ಕೊಡ್ಬೇಕು, ಸ್ವರ್ಣಕ್ಕ."

ಕಾಂಚನಾಳ ಊರಿನಂತೆ ಸ್ವರ್ಣಲತಾಳ ಮನೆತನದಲ್ಲೂ ಕುಟುಂಬ ಬೆಳೆಯುವುದು ತಾಯಿಯ ಕಡೆಯಿಂದಲೇ. ಆ ಮಾತನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಾಗಾದ್ರೆ ಸಾಕ್ಷಿ ಹುಡುಕುವ. ನಿನ್ನ ಅಮ್ಮ ಬಾಣಂತಿ ಆಗಿದ್ದಾಗ ನೀರು ಹಾಕಿದ್ದು ಯಾರು? ಅವರಿಗಿಂತ ದೊಡ್ಡ ದಾಖಲೆ ಉಂಟಾ ಮಾರಾಯ್ತಿ? ನನ್ನನ್ನು ಮೀಯಿಸಿದ ಮುದುಕಿ ಈಗ್ಲೂ ನಾನು ಊರಿಗೆ ಹೋದ್ರೆ, ಹುಟ್ಟುವಾಗ್ಲೇ ಬೊಬ್ಬೆ ಹಾಕಿದವಳು ಬಂದ್ಲು ಅಂತ ಬೀದಿಗೆಲ್ಲ ಸಾರ್ತಾಳೆ."

"ನಮ್ಮಲ್ಲಿ ನೀರು ಅಲ್ಲ, ಬೆಂಕಿ" ಎಂದಳು ಕಾಂಚನಾ.

ಅವರ ಕಡೆ ಹೆತ್ತವಳನ್ನು ಕೆಂಡದ ಪಕ್ಕದಲ್ಲಿ ಮಲಗಿಸುತ್ತಾರೆ. ಆ ಬೆಂಕಿ ಆರದಂತೆ ಒಬ್ಬಳು ಕಾವಲಿರಬೇಕು. ಅಮ್ಮನ ಬೆಂಕಿಯನ್ನು ಕಾದವಳು ನೆರೆಮನೆಯ ಪೇಂಗ್. ಈಗ ಹಣ್ಣುಹಣ್ಣು ಮುದುಕಿ, ಆದರೆ ನಾಲಗೆ ಮಾತ್ರ ಇನ್ನೂ ಹರೆಯದ್ದು.

ವಿರೋತ್ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ಬಂದ. ಸಾಕ್ಷಿಯನ್ನು ಕರೆತನ್ನಿ, ಅಕ್ಕತಮ್ಮಂದಿರ ರಕ್ತವನ್ನೂ ಪರೀಕ್ಷಿಸೋಣ ಎಂದಿದ್ದರು ಅಧಿಕಾರಿ. ಎಲ್ಲ ಸರಿಹೋದರೆ ಅಜ್ಜಿಯ ಹೆಸರನ್ನು ತೆಗೆದು ಅಮ್ಮನ ಹೆಸರನ್ನು ಬರೆಯುತ್ತಾರೆ.

‘ತೆಗೆದು’ ಎಂಬ ಮಾತು ಕಾಂಚನಾಳಿಗೆ ಸೂಜಿಯಂತೆ ಚುಚ್ಚಿತು. ಅಮ್ಮ ಬ್ಯಾಂಕಾಕಿನ ಬಟ್ಟೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲಿ ಅವಳ ತಲೆ ಬಾಚಿದವಳು, ಅಂಟು ಅನ್ನದ ಉಂಡೆ ಕಟ್ಟಿ ಶಾಲೆಗೆ ಕಳಿಸಿದವಳು ಅಜ್ಜಿ. ಅಜ್ಜಿಯನ್ನು ಅಳಿಸಿಹಾಕಿ ಅಮ್ಮನನ್ನು ಪಡೆಯುವುದೇ?

"ಸ್ವರ್ಣಕ್ಕ, ಅಜ್ಜಿ ಹೋಯ್ತು. ಈಗ ಹೆಸರೂ ಹೋಗ್ತದಾ?"

"ಆ ಬೆಂಕಿಯ ಅಜ್ಜಿಯನ್ನೇ ಕೇಳು" ಎಂದಳು ಸ್ವರ್ಣಲತಾ.

ಶುಕ್ರವಾರ ವಿರೋತ್ ಪೇಂಗಜ್ಜಿಯ ಜಗಲಿಯಲ್ಲಿ ಕುಳಿತು ವಿಡಿಯೊ ಕರೆ ಮಾಡಿದ. ಪರದೆಯ ತುಂಬ ಎಲೆಯಡಿಕೆಯಿಂದ ಕೆಂಪಾದ ಬಾಯಿಯೇ ಕಾಣಿಸಿತು.

"ಫೋನನ್ನು ನುಂಗಬೇಡ ಅಜ್ಜಿ, ಸ್ವಲ್ಪ ದೂರ ಹಿಡಿ!"

"ನೀನು ಸುಮ್ಮನಿರೋ. ಕಾಂಚನಾ, ಎಷ್ಟು ಬಡವಾಗಿದ್ದೀಯೆ! ಆ ಮರಳಿನ ನಾಡಿನಲ್ಲಿ ಅನ್ನ ಹಾಕುವುದಿಲ್ಲವೇ?"

ಕಾಂಚನಾ ಮೆಲ್ಲಗೆ ತನ್ನ ಅಳುಕನ್ನು ಹೇಳಿಕೊಂಡಳು. ತನ್ನನ್ನು ಸಾಕಿದ ಅಜ್ಜಿಯೇ ಬರೆಸಿದ ಹೆಸರನ್ನು ತಾನು ಹೇಗೆ ತೆಗೆಸುವುದು?

ಮುದುಕಿ ನಕ್ಕಳು. ನಗುವಿನಲ್ಲಿ ಫೋನೂ ಜಗಲಿಯೂ ಅಲುಗಾಡಿದವು.

"ಬರೆಸಲೆಂದು ಹೋದಾಗ ನಾನೂ ಜೊತೆಗಿದ್ದೆನಲ್ಲೇ! ನಿನ್ನಮ್ಮ ಆಗಲೇ ಬ್ಯಾಂಕಾಕಿನ ಬಸ್ಸು ಹತ್ತಿದ್ದಳು. ಗುಮಾಸ್ತ ನಿನ್ನನ್ನು ನೋಡಿ, ಯಾರ ಮಗು ಎಂದ. ನಿನ್ನಜ್ಜಿ, ‘ನನ್ನ ಮಗು, ಮತ್ಯಾರದು? ಬೇಗ ಬರೆಯಪ್ಪ, ಎಮ್ಮೆಯನ್ನು ಬಿಸಿಲಿನಲ್ಲಿ ಕಟ್ಟಿ ಬಂದಿದ್ದೇನೆ’ ಎಂದಳು. ಅವನು ಬರೆದೇಬಿಟ್ಟ."

ಕಾಂಚನಾ ಬಾಯಿಗೆ ಕೈ ಅಡ್ಡ ಹಿಡಿದಳು.

"ದಾರಿಯಲ್ಲಿ ನಾನು, ‘ಹೆತ್ತವಳು ನಿನ್ನ ಮಗಳೆಂದು ಹೇಳಲೇ ಇಲ್ಲವಲ್ಲೇ’ ಎಂದೆ. ‘ಹೌದಲ್ಲ, ನಾಳೆ ಬಂದು ಹೇಳಿದರಾಯಿತು’ ಎಂದಳು. ಮರುದಿನ ನಾಟಿ ಶುರುವಾಯಿತು. ಮತ್ತೆ ಕೊಯ್ಲು, ಮತ್ತೆ ಎಮ್ಮೆ ಕರು ಹಾಕಿತು. ಕಚೇರಿಗೆ ಹೋಗುವುದು ಹಾಗೆಯೇ ಉಳಿದುಹೋಯಿತು. ನೀನಾದರೂ ಹೋಗಿ ಹೇಳಿ ಬಾ. ನಿನ್ನಜ್ಜಿ ಬಾಕಿ ಬಿಟ್ಟ ಕೆಲಸ ಅದು."

ಬಹಳ ಹೊತ್ತು ಕಾಂಚನಾ ಅತ್ತಳು, ನಡುನಡುವೆ ನಕ್ಕಳು. ಸ್ವರ್ಣಲತಾಳಿಗೆ ಒಂದು ಶಬ್ದವೂ ತಿಳಿಯದಿದ್ದರೂ ಕಣ್ಣೊರೆಸಿಕೊಂಡಳು. ಆಮೇಲೆ ಏನಾಯಿತೆಂದು ಕೇಳಿ ತಿಳಿದು, ಎಮ್ಮೆಯ ವಿಷಯಕ್ಕೆ ಹೊಸದಾಗಿ ನಗತೊಡಗಿದಳು.

ಈದ್ ಹಬ್ಬದ ಹೊಲಿಗೆಯೆಲ್ಲ ಮುಗಿದ ಮೇಲೆ ಕಾಂಚನಾ ರಜೆ ಹಾಕಿ ಊರಿಗೆ ಹೋದಳು. ಪೇಂಗಜ್ಜಿ ಹೊಸ ಬಟ್ಟೆ ಉಟ್ಟು ಕಚೇರಿಗೆ ಬಂದು, ಅಧಿಕಾರಿ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟಳು. ರಕ್ತದ ಪರೀಕ್ಷೆಯೂ ಆಯಿತು. ಕಾಂಚನಾ ತಿದ್ದುಪಡಿಯ ಕಾಗದಕ್ಕೆ ಸಹಿ ಹಾಕಿ, ಅಜ್ಜಿಯ ಚಿತಾಭಸ್ಮವಿಟ್ಟ ದೇಗುಲಕ್ಕೆ ಹೋಗಿ, "ಹೇಳಿ ಬಂದೆ" ಎಂದು ಒಪ್ಪಿಸಿದಳು. ಉತ್ತರಕ್ಕಾಗಿ ಕಾಯುತ್ತ ದೋಹಾಕ್ಕೆ ಮರಳಿದಳು.

ತಿಂಗಳುಗಳು ಉರುಳಿದವು. ಒಂದು ಮಧ್ಯಾಹ್ನ ಬುತ್ತಿಯ ಹೊತ್ತಿಗೇ ಫೋನು ಬಂತು.

"ಅಕ್ಕಾ, ಊಟ ಆಯಿತೇ?"

ಅಷ್ಟರಲ್ಲೇ ಅವಳಿಗೆ ತಿಳಿಯಿತು. ಕೊಳದ ಬದಿಯ ಗದ್ದೆಯ ಮಾತು ಆಮೇಲೆ ಬಂತು. ಅದು ಅವಳ ಹೆಸರಿಗಾಗಿತ್ತು, ಅಮ್ಮನಿಂದ ಮಗಳಿಗೆ.

"ಏನಂತೆ?" ಎಂದು ಸ್ವರ್ಣಲತಾ ಕತ್ತರಿ ಕೆಳಗಿಟ್ಟಳು.

ಕಾಂಚನಾ ಫೋನನ್ನು ಎದೆಗೊತ್ತಿಕೊಂಡಿದ್ದಳು. "ಸ್ವರ್ಣಕ್ಕ, ಅಮ್ಮ ಬಂತು."

"ಬರ್ಲಿ, ಬರ್ಲಿ. ಕೂತ್ಕೊಳ್ಳಿಕ್ಕೆ ಹೇಳು" ಎಂದು ಸ್ವರ್ಣಲತಾ ಎದ್ದಳು. "ಚಾ ಇಡ್ತೇನೆ."